ನನ್ನ ಕನ್ನಡಕದ ಗಾಜು

ಆಲೂರು
೨೯-೩-೧೯೯೮

ಸಕಲೇಶಪುರದ ಸ್ಟುಡಿಯೋ ಮಾಲೀಕರಾದ ಶ್ರೀ ಮೃತ್ಯುಂಜಯ ಅವರಿಗೆ ಅವರ ಹೆಂಡತಿಯ ನಮಸ್ಕಾರ.

ಗಂಡನ ಹೆಸರು ಬರೆದಳೆಂದು ಹುಬ್ಬೇರಿಸಬೇಡಿ. ಸಿಟ್ಟು ಬಂದಾಗ ಪೂರ್ತಿ ಹೆಸರೇ ಬರುತ್ತದೆ. ನಾನು ತಂಗಿಯ ಮನೆಗೆ ಬಂದ ಎಂಟು ದಿನಕ್ಕೆ ನಿಮ್ಮ ಕಾಗದ ಬಂತು. ಹೇಗಿದ್ದೀಯೆ ಎಂಬ ಒಂದು ಮಾತಿಲ್ಲ. ಕಾಫಿ ಹೂವಿನ ಹನ್ನೆರಡು ಚಿತ್ರಗಳೂ ಕೆಟ್ಟಿವೆಯಂತೆ. ಚಿತ್ರ ನೋಡುವ ಡಬ್ಬಿಗೆ ಎರಡೂ ಕಣ್ಣಿಟ್ಟರೆ ಹೂವು ಗುಂಡಿಯ ಹಾಗೆ ಒಳಗೆ ಹೋಗಿ, ಹಿಂದಿನ ಎಲೆ ಮುಂದಕ್ಕೆ ಬರುತ್ತದಂತೆ. ಕ್ಯಾಮೆರಾದ ಮುಂದೆ ಕೂರಿಸಿದ ನನ್ನ ಗಾಜು ಹಾಳಾಗಿರಬೇಕಂತೆ. ಹಾಸನದ ಪ್ರದರ್ಶನಕ್ಕೆ ಮತ್ತೆ ತೆಗೆಯಲು ಆನೇಮಹಲ್ ಕಡೆ ಕೊನೆಯ ಹೂವು ಇನ್ನೂ ಇದೆ, ಶಾಲಿನಿ ಮೇಡಂ ತಮ್ಮ ಕನ್ನಡಕದ ಗಾಜು ಕೊಡುತ್ತಾರೆ, ನಿನ್ನದರ ನಂಬರು ಎಷ್ಟಿತ್ತು? ಇಷ್ಟೇ ಕಾಗದ.

ನಿಮಗೆ ಮರೆತಿದೆ. ನನಗೆ ಮರೆತಿಲ್ಲ. ಎರಡು ಕಣ್ಣಿಗೂ ಪ್ಲಸ್ ಎರಡು. ಎಸ್ಟೇಟ್ ಮಾರಿ ಹೋದ ಸಾಹುಕಾರರು ತೊಂಬತ್ತೊಂದರಲ್ಲಿ ಕೊಟ್ಟ ಆ ಜೋಡಿ ಲೆನ್ಸಿನ ಹಳೆ ಕ್ಯಾಮೆರಾ ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರ ತೆಗೆಯುತ್ತಿತ್ತು, ಡಬ್ಬಿಯಲ್ಲಿ ಎರಡೂ ಕೂಡಿ ಉಬ್ಬಿ ನಿಲ್ಲುತ್ತಿತ್ತು; ಆದರೆ ನಾಲ್ಕು ಅಡಿಗಿಂತ ಹತ್ತಿರದ್ದು ಅದಕ್ಕೆ ಕಾಣುತ್ತಿರಲಿಲ್ಲ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಅದರ ಇಂಗ್ಲಿಷ್ ಪುಸ್ತಕ ಓದಿದವಳು ನಾನು. ಎರಡು ಲೆನ್ಸಿನ ಮುಂದೆಯೂ ಒಂದೇ ನಂಬರಿನ ಗಾಜಿರಬೇಕು, ಅದನ್ನು ನಡುವಿನಿಂದಲ್ಲ, ಅಂಚಿನಿಂದ ಕತ್ತರಿಸಬೇಕು, ಆಗಲೇ ಎರಡು ನೋಟವೂ ಒಂದೇ ಹೂವಿನ ಮೇಲೆ ಕೂಡುತ್ತವೆ ಎಂದವಳೂ ನಾನೇ. ಕನ್ನಡಕ ತೆಗೆದುಕೊಟ್ಟೆ. ಕೆಮ್ಮಿನ ಔಷಧದ ಮುಚ್ಚಳ ಕೊರೆದು ನೀವು ಗಾಜು ಕೂರಿಸಿದಿರಿ. ಆಮೇಲೆ ಆರು ತಿಂಗಳು ಅಕ್ಕಿಯ ಕಲ್ಲನ್ನು ಬೆರಳಲ್ಲಿ ತಡವಿ ಆರಿಸಿದ್ದೇನೆ.

ಈ ಸಲ ಹನ್ನೆರಡು ಚಿತ್ರದಲ್ಲೂ ರೆಂಬೆ ಹಿಡಿದಿರುವ ಕೈ ಯಾರದು? ಏಳು ವರ್ಷ ಹಿಡಿದದ್ದು ನಾನು. ಕೇಳಿದ್ದಕ್ಕೆ, "ನಿನ್ ಕೈ ನಡುಗ್ತೈತೆ ಕಣೇ, ಮೇಡಂ ಕೈ ಕಲ್ಲಿದ್ದಂಗೈತೆ" ಅಂದಿರಿ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ಹುಡುಗಿಯ ಕೈ ಕಲ್ಲೋ ಹತ್ತಿಯೋ ನಿಮಗೆ ಹೇಗೆ ಗೊತ್ತಾಯಿತು? ಪ್ರದರ್ಶನಕ್ಕೆಂದು ಬರೆದಿಟ್ಟ ಚೀಟಿಯಲ್ಲಿ 'ಸಹಾಯ: ಶಾಲಿನಿ' ಎಂದಿತ್ತು. ಅದರ ಕೆಳಗೆ ನಾಲ್ಕು ಬೆರಳು ಖಾಲಿ ಜಾಗವಿತ್ತು. ಅಳತೆ ಮಾಡಿಯೇ ಮನೆ ಬಿಟ್ಟೆ.

"ಆಯಮ್ಮಂಗೆ ಮದ್ವೆ ಗೊತ್ತಾಗೈತಂತೆ ಕಣಕ್ಕಾ, ನಿಂದೇನು ಮಾರಾಯ್ತಿ ಈ ವಯಸ್ನಾಗೆ?" ಎಂದು ನನ್ನ ತಂಗಿ ತಾಯಮ್ಮ ನಗುತ್ತಾಳೆ. ನಗಲಿ. ಆ ಹುಡುಗಿಯ ಮದುವೆಗೆ ಒಳ್ಳೆಯ ಸೀರೆಯನ್ನೇ ಕೊಡುತ್ತೇನೆ. ನನ್ನ ಗಾಜಿನ ಜಾಗ ಮಾತ್ರ ಕೊಡಲಾರೆ. ಅದನ್ನು ಕಿತ್ತು ಅವಳದನ್ನು ಕೂರಿಸಿದ ದಿನ, ನನ್ನ ಟ್ರಂಕನ್ನೂ ಆಲೂರಿನ ಬಸ್ಸಿಗೆ ಹಾಕಿಬಿಡಿ.

ಇತಿ,
ಏಳು ವರ್ಷ ರೆಂಬೆ ಹಿಡಿದ
ವಿಶಾಲಮ್ಮ

ತಾ.ಕ.: ಗಾಜು ಹಾಳಾಗಿಲ್ಲ. ಹೊರಡುವ ಹಿಂದಿನ ದಿನ ಫಿಲಂ ಕತ್ತರಿಸಿ ರಟ್ಟಿನ ಚೌಕಟ್ಟಿಗೆ ಅಂಟಿಸಿದವಳು ನಾನು. ಎಡಗಣ್ಣಿನದನ್ನು ಬಲಕ್ಕೆ, ಬಲಗಣ್ಣಿನದನ್ನು ಎಡಕ್ಕೆ ಹಾಕಿದ್ದೇನೆ, ಹನ್ನೆರಡನ್ನೂ. ನೀವು ಬಿಡಿಸಲು ಹೋಗಬೇಡಿ, ಹರಿದುಹಾಕುತ್ತೀರಿ. ಬುಧವಾರ ಡಬ್ಬಿ ತೆಗೆದುಕೊಂಡು ಬನ್ನಿ, ಆ ಚೀಟಿಯನ್ನೂ ತನ್ನಿ. ಇನ್ನೊಂದು ಮಾತು. ಮೊದಲು ಎಲ್ಲವನ್ನೂ ಸರಿಯಾಗಿಯೇ ಅಂಟಿಸಿ, ಡಬ್ಬಿಗೆ ಹಾಕಿ ನೋಡಿದ್ದೆ. ಒಂದು ಎಸಳೂ ಅಲುಗಿರಲಿಲ್ಲ. ನಮ್ಮ ಏಳು ವರ್ಷದಲ್ಲಿ ಅಷ್ಟು ಚೆನ್ನಾದ ಹೂವು ಒಂದೂ ಬಂದಿರಲಿಲ್ಲ. ಅದಕ್ಕೇ ಎಡಬಲ ತಿರುಗಿಸಿದೆ.