ಮಾಳಿಗೆಯ ಮೇಲಿನ ಗೂಗೆ

ಬಸವಕಲ್ಯಾಣ

ಹುಮನಾಬಾದಿನಲ್ಲಿರುವ ಮನೆ ಮಾಲೀಕರಾದ ಸೂರ್ಯಕಾಂತ ಕಾಕಾ ಅವರಿಗೆ, ಮೇಲಿನ ಮನೆಯ ದೀಪಾಲಿಯ ನಮಸ್ಕಾರ.

ಕರೆಂಟಿಗೆಂದು ನಾನು ಮಾಳಿಗೆಯ ಮೇಲೆ ಕೂರಿಸಿದ ಗಾಳಿಯಂತ್ರದ ಸದ್ದಿಗೆ ಕೆಳಮನೆಯಲ್ಲಿ ನಿಮ್ಮ ತಾಯಿಗೆ ನಿದ್ದೆಯಿಲ್ಲ, ಅದನ್ನು ಕಿತ್ತುಹಾಕು ಎಂದು ಫೋನಿನಲ್ಲಿ ಹೇಳಿದ್ದಿರಿ. ಕೀಳಲಿಲ್ಲ, ರೆಕ್ಕೆಗಳನ್ನಷ್ಟೇ ಬದಲಿಸಿದೆ. ಗೂಗೆಯ ಗರಿಯ ಅಂಚು ಬಾಚಣಿಕೆಯ ಹಾಗೆ ಸೀಳಿರುತ್ತದೆ. ಅದಕ್ಕೇ ಅದು ಹಾರಿದರೆ ಸದ್ದಾಗುವುದಿಲ್ಲ. ಹೊಸ ರೆಕ್ಕೆಗಳ ಅಂಚನ್ನೂ ಹಾಗೆಯೇ ಕೊರೆದಿದ್ದೇನೆ.

ನಿನ್ನೆ ಜೋರು ಗಾಳಿಯಿತ್ತು. ನಿಮ್ಮ ಆಯಿ ಅಂಗಳದಿಂದಲೇ, "ಯಾಕವ್ವಾ, ಪಂಖಾ ಬಂದ್ ಮಾಡಿದಿ?" ಎಂದು ಕೇಳಿದರು. ಅದು ತಿರುಗುತ್ತಲೇ ಇತ್ತು.

ಹಿಗ್ಗಿನಲ್ಲಿ ಗೂಗೆಯ ಹೆಸರು ಹೇಳಿಬಿಟ್ಟೆ. ಗೂಗೆ ಕೂತ ಮನೆ ಬಿಡಬೇಕಂತೆ. ಆಯಿ ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತರು. ಸಂಜೆ ಓಣಿಯ ಕರೆಂಟು ಹೋಯಿತು. ಯಂತ್ರದ ಬ್ಯಾಟರಿಯಿಂದ ಅವರ ಕೋಣೆಗೊಂದು ಬಲ್ಬು ಹಾಕಿಕೊಟ್ಟೆ. ಬೆಳಕು ನೋಡಿ ಎದ್ದು ಒಳಗೆ ಬಂದರು. "ಇರಲಿ ಬಿಡು. ಯಾರರ ಕೇಳಿದ್ರ ನವಿಲಿನ ರೆಕ್ಕಿ ಅಂತ ಹೇಳು" ಎಂದರು.

ಈಗ ಅವರ ಅಡುಗೆಮನೆಗೂ ಬಲ್ಬು ಬೇಕಂತೆ. ಬರುವಾಗ ಒಂದು ಸುರುಳಿ ವೈರು ತನ್ನಿ. ಹಾಗೆಯೇ ಆಯಿಗೆ ನೀವೇ ತಿಳಿಸಿ ಹೇಳಬೇಕು. ನವಿಲು ಹಾರಿದರೆ ಓಣಿಗೆಲ್ಲ ಕೇಳಿಸುತ್ತದೆ. ಯಾರು ಕೇಳಿದರೂ ನಾನು ಗೂಗೆ ಎಂದೇ ಹೇಳುತ್ತೇನೆ.

ನಿಮ್ಮ ಮನೆಯಲ್ಲೇ ಇರುವ,
ದೀಪಾಲಿ