ಕೂಸಿನ ಕಿವಿಯಲ್ಲಿ ಹೇಳದ ಹೆಸರು

ಅವ್ವಾ,

ನೀನು ಹೋಗಿ ವರ್ಷ ತುಂಬುವ ಮೊದಲೇ ತಮ್ಮನಿಗೆ ಹೆಣ್ಣು ಕೂಸು ಹುಟ್ಟಿತು. ನಿನ್ನೆ ಗೋಪನಕೊಪ್ಪದ ಮನೆಯಲ್ಲಿ ತೊಟ್ಟಿಲಿಗೆ ಹಾಕಿದೆವು. ಸೋದರತ್ತಿ ನಾನು, ಕಿವಿಯಲ್ಲಿ ಹೆಸರು ಹೇಳುವವಳು ನಾನೇ. ಮೊದಲು ಹಿರಿಯರ ಹೆಸರು, ಆಮೇಲೆ ಕರೆಯುವ ಹೆಸರು. ನಿನ್ನ ಹೆಸರನ್ನು ಬಾಯಲ್ಲಿಟ್ಟುಕೊಂಡೇ ಬಗ್ಗಿದ್ದೆ.

ತಮ್ಮನ ಹೆಂಡತಿ ಶಾಂಭವಿ ನನ್ನ ಸೆರಗು ಜಗ್ಗಿದಳು. “ಅಕ್ಕಾರ, ಕರೆವ್ವ ಅನಬ್ಯಾಡ್ರಿ. ಕೂಸು ಮೊದಲ ಕಪ್ಪೈತಿ, ನಾಳೆ ಸಾಲ್ಯಾಗ ಆಡ್ಕೋತಾರ. ಬರೇ ಕಿಯಾರಾ ಅನ್ರಿ.”

ನಾನು ಬರೇ ಕಿಯಾರಾ ಅಂದೆ. ರೂಢಿಯಂತೆ ಎಲ್ಲರೂ ನನ್ನ ಬೆನ್ನಿಗೆ ಗುದ್ದಿ ನಕ್ಕರು.

ಊಟಕ್ಕೆ ಕುಳಿತಾಗ ಶಾಂಭವಿಯ ತಂಗಿ ಮೊಬೈಲ್ ನೋಡಿ, “ಇದು ಐರ್ಲೆಂಡ್ ದೇಶದ ಹೆಸರಂತ್ರಿ. ಕಪ್ಪನ್ನಾಕಿ ಅಂತ ಅರ್ಥ” ಎಂದಳು.

“ಹಂಗಾರ ಮುದುಕಿ ಬಿಡ್ಲಿಲ್ಲ ನೋಡ್ರಿ, ವಿಮಾನ ಹತ್ತಿ ಬಂದ್ಲು!” ಎಂದಳು ಚನ್ನಬಸವ್ವ ಚಿಗವ್ವ. ಶಾಂಭವಿಯೂ ನಕ್ಕಳು. ನಾನು ಮಾತ್ರ ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದೆ.

ಅಲ್ಲೆಲ್ಲೋ ಸಮುದ್ರದಾಚೆಯ ತಾಯಂದಿರು ಅದೇ ಅರ್ಥದ ಹೆಸರನ್ನು ಮುದ್ದಿನಿಂದ ಇಟ್ಟಿದ್ದಾರೆ. ನಿನ್ನದು ನಮ್ಮೂರ ದೇವಿಯ ಹೆಸರು, ನಾನು ನುಂಗಿಬಿಟ್ಟೆ.

ಇಂದು ಬೆಳಿಗ್ಗೆ ನನ್ನ ಮನೆಗೆ ಮರಳಿ, ದೀಪ ಹಚ್ಚಿ “ಕರೆವ್ವಾ” ಎಂದು ಗಟ್ಟಿಯಾಗಿ ಕರೆದೆ. ಮನೆಯಲ್ಲಿ ನಾನೊಬ್ಬಳೇ ಇದ್ದೆ.