ಮಾಯವ್ವನನ್ನು ಉಳಿಸಿದ ನಿನ್ನ ಪಾಠ

ಕಲ್ಲೋಳಿ
೨೦ ಏಪ್ರಿಲ್ ೨೦೨೫

ಮಗಳು ಸುಮನಳಿಗೆ,

ನಿನ್ನ ಅಪ್ಪ ಸೋಮಪ್ಪನ ತುಂಬು ಮನಸ್ಸಿನ ಆಶೀರ್ವಾದ. ನಾವಿಬ್ಬರೂ ಆರಾಮಿದ್ದೇವೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಡಾಕ್ಟರು ಓದು ಬರಹ ಬೇಡ ಎಂದಿದ್ದರು, ಅದಕ್ಕೇ ಇಷ್ಟು ತಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಅವ್ವ ಫೋನು ಕಸಿದುಕೊಳ್ಳುತ್ತಾಳೆ. ಇದು ನನ್ನ ಕೈಯಿಂದಲೇ ನಿನಗೆ ತಲುಪಬೇಕಾದ ಸುದ್ದಿ.

ಹೋದ ದೀಪಾವಳಿಯ ರಜೆಯಲ್ಲಿ ನೀನು ಇಲ್ಲಿಯ ಹೈಸ್ಕೂಲಿನ ಮಕ್ಕಳಿಗೆ ಎಂಟು ದಿನ ಪ್ರಥಮ ಚಿಕಿತ್ಸೆಯ ಪಾಠ ಮಾಡಿದೆಯಲ್ಲ, ಆಗ ಮುಂದಿನ ಸಾಲಿನಲ್ಲಿ ಕೂತು ನೂರೆಂಟು ಪ್ರಶ್ನೆ ಕೇಳುತ್ತಿದ್ದ ಖೋಖೋ ಹುಡುಗಿ ದೀಪಾ ನೆನಪಿದ್ದಾಳೆಯೇ? ಒಂಬತ್ತನೇ ಇಯತ್ತೆಯವಳು. ಅವಳ ತಾಯಿ ಮಾಯವ್ವ ನಮ್ಮ ಶೆಟ್ಟೆಪ್ಪನ ಹೊಲದಲ್ಲಿ ಕೂಲಿ ಮಾಡುತ್ತಾಳೆ. ಹೋದ ತಿಂಗಳು ಅಲ್ಲಿ ಅರಿಸಿನ ಕುದಿಸುತ್ತಿದ್ದರು. ಮೇಲೆ ಬಿಸಿಲು, ಮುಂದೆ ಕಡಾಯಿಯ ಉಗಿ. ನಾನು ಶೆಟ್ಟೆಪ್ಪನ ಜೊತೆ ಬೇವಿನ ನೆರಳಲ್ಲಿ ಕೂತಿದ್ದೆ. ದೀಪಾ ಪರೀಕ್ಷೆ ಮುಗಿಸಿ ತಾಯಿಗೆ ಬುತ್ತಿ ತಂದಿದ್ದಳು.

ಬುಟ್ಟಿ ಹೊತ್ತು ಬರುತ್ತಿದ್ದ ಮಾಯವ್ವ ತೂರಾಡಿದಳು, ಏನೇನೋ ಬಡಬಡಿಸಿದಳು, ಧೊಪ್ಪನೆ ಬಿದ್ದಳು. ಮುಟ್ಟಿ ನೋಡಿದರೆ ಮೈ ಕೆಂಡ. ಶೆಟ್ಟೆಪ್ಪ ತಂಬಿಗೆ ಹಿಡಿದು ಬಾಯಿಗೆ ನೀರು ಹಾಕಲು ಹೋದ. ದೀಪಾ ಅವನ ಕೈ ಹಿಡಿದಳು.

"ಬ್ಯಾಡ್ರಿ ಕಾಕಾ! ಎಚ್ಚರಿಲ್ಲ, ನೀರ ಉಸರಿನ್ಯಾಗ ಹೋಗತೈತಿ. ಅವ್ವಗ ಬಿಸಿಲ ಬಡದೈತಿ. ಎತ್ತರಿ, ದನದ ನೀರಿನ ತೊಟ್ಟ್ಯಾಗ ಮಲಗಸೂಣು. ಯಾರರೆ ಒಬ್ಬರು ೧೦೮ಕ್ಕ ಫೋನ್ ಹಚ್ಚರಿ!"

ಆಗ ಅಡ್ಡ ಬಂದವನು ಯಾರು ಗೊತ್ತೇ? ನಾನೇ. ಮೂವತ್ತು ವರ್ಷ ಸಾಲಿಯ ಆಟದ ಮಾಸ್ತರನಾಗಿದ್ದವನು!

"ಏ ಹುಡುಗಿ, ಕಾದ ಮೈಗೆ ತಣ್ಣೀರು ಹಾಕಿದ್ರ ಜೀವಾನ ಹೋದೀತು! ಗಾಡಿ ತಗೀರಿ, ಗೋಕಾಕಕ್ಕ ಒಯ್ಯೂಣು" ಎಂದು ಕೂಗಿದೆ.

ಅವಳ ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಅಲುಗಲಿಲ್ಲ. "ಸರ್, ಮೊದಲ ಮೈ ತಣ್ಣಗ ಮಾಡಬೇಕು, ಆಮ್ಯಾಲೆ ಒಯ್ಯಬೇಕು ಅಂತ ಸುಮನಕ್ಕಾರ ಹೇಳ್ಯಾರ. ಸರೀರಿ ನೀವು."

ನಾನು ಸರಿದೆ ಮಗಳೇ. ಹೆಣ್ಣಾಳುಗಳು ಮಾಯವ್ವನನ್ನು ಕುತ್ತಿಗೆಯವರೆಗೆ ನೀರಿನಲ್ಲಿ ಮಲಗಿಸಿ, ಕಂಕುಳಿಗೆ ಕೈ ಕೊಟ್ಟು ತಲೆ ಎತ್ತಿ ಹಿಡಿದರು. ಶೆಟ್ಟೆಪ್ಪ ಸೋಡಾ ಅಂಗಡಿಗೆ ಓಡಿ ಬರ್ಫದ ಗಡ್ಡೆ ತಂದು ನೀರಿಗೆ ಸುರಿದ. ದೀಪಾ ನೀರು ಕಲಕುತ್ತ, "ಅವ್ವಾ, ನಿನ್ನ ಹೆಸರ ಹೇಳ, ನಿನ್ನ ಹೆಸರ ಹೇಳ" ಎನ್ನುತ್ತಲೇ ಇದ್ದಳು. ಹದಿನೈದು ನಿಮಿಷವಾಗಿರಬೇಕು. ಆಂಬುಲೆನ್ಸಿನ ಸದ್ದು ದೂರದಲ್ಲಿ ಕೇಳುವಾಗ ಮಾಯವ್ವ ಕಣ್ಣು ಬಿಟ್ಟು, "ಮಾಯವ್ವ ಅಲ್ಲೇನ... ಹುಚ್ಚ ಹಿಡದೈತೇನ ನಿನಗ?" ಎಂದಳು. ಅಳುತ್ತಿದ್ದ ಹೆಂಗಸರೆಲ್ಲ ನಕ್ಕುಬಿಟ್ಟರು.

ಗೋಕಾಕದ ದವಾಖಾನೆಯಲ್ಲಿ ಡಾಕ್ಟರು, "ಇವರನ್ನ ತಣ್ಣಗ ಮಾಡಿದವರು ಯಾರ್ರಿ? ಹಂಗ ತಂದಿದ್ರ ನಮ್ಮ ಕೈಯಾಗ ಏನೂ ಉಳೀತಿರಲಿಲ್ಲ" ಎಂದರು. ದೀಪಾ ನಿನ್ನ ಹೆಸರು ಹೇಳಿದಳು. "ಅವರೂ ಡಾಕ್ಟರೇನು?" ಎಂದು ಕೇಳಿದರು.

"ಅಲ್ರಿ. ಪುಣೆದಾಗ ಆಟಗಾರರ ಗಾಯ, ನೋವು ನೋಡಿಕೊಳ್ಳತಾಳ. ಆಕಿ ನನ್ನ ಮಗಳು" ಎಂದೆ. ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ.

ಇಷ್ಟು ವರ್ಷ ನಾನು ಹಾಗೆ ಹೇಳಿರಲಿಲ್ಲ. ಕಣಗಲಾದ ಬೀಗರು "ಮಂದಿ ಕಾಲು ತಿಕ್ಕೂದಕ್ಕ ಪಗಾರ ಕೊಡತಾರೇನ್ರಿ?" ಎಂದು ನಕ್ಕಾಗ ಮಾತು ಹಾರಿಸುತ್ತಿದ್ದೆ. ಈಗ ಅದೇ ಬೀಗರು ತಮ್ಮೂರ ಗರಡಿಯ ಹುಡುಗರಿಗೆ ನೀನು ಯಾವಾಗ ಬಂದು ಕಲಿಸುತ್ತೀ ಎಂದು ಎರಡು ಸಲ ಫೋನು ಮಾಡಿದ್ದಾರೆ. ಮೂಡಲಗಿಯಿಂದಲೂ ಕರೆ ಬಂದಿದೆ. ಶೆಟ್ಟೆಪ್ಪ ಕಡಾಯಿಯ ಹತ್ತಿರ ನೆರಳು ಕಟ್ಟಿಸಿದ್ದಾನೆ, ನಸುಕಿನಲ್ಲಿ ಕೆಲಸ ಶುರು ಮಾಡಿ ಹತ್ತಕ್ಕೆ ನಿಲ್ಲಿಸುತ್ತಾನೆ. ಮಾಯವ್ವ ಆರಾಮಿದ್ದಾಳೆ. ನೀನು ಬಂದಾಗ ಹೋಳಿಗೆ ಮಾಡಿ ಉಣಿಸುತ್ತಾಳಂತೆ.

ಆಟಗಾರರಿಗೆಂದು ಕಲಿತ ವಿದ್ಯೆಯನ್ನು ನೀನು ಊರಿಗೆಲ್ಲ ಹಂಚಿದೆ. ನಿನ್ನ ಕೈಗುಣ ಹೆಚ್ಚಲಿ, ನೂರು ಕಾಲ ಬಾಳು.

ನಿನ್ನ ಅಪ್ಪ,
ಸೋಮಪ್ಪ

ತಾ.ಕ.: ಹದಿನಾಲ್ಕು ವರ್ಷದ ಹಿಂದೆ ಹುಕ್ಕೇರಿಯ ಓಟದ ದಿನ ನೀನು, "ಅಪ್ಪಾ, ಮೊಣಕಾಲು ಭಾಳ ನೋಯಾಕತ್ತೈತಿ, ಇವತ್ತ ಓಡೂದಿಲ್ಲ" ಎಂದಿದ್ದೆ. "ನೆವ ಹೇಳಬ್ಯಾಡ" ಎಂದು ಮೊಣಕಾಲಿಗೆ ಬಟ್ಟೆ ಬಿಗಿದು ಓಡಿಸಿದವನು ನಾನು. ನೀನು ಗೆದ್ದೆ, ಆಮೇಲೆ ಎಂದೂ ಓಡಲಾಗಲಿಲ್ಲ. ಓಟ ನಿನಗೇ ಬೇಡವಾಯಿತೆಂದು ಎಲ್ಲರಿಗೂ, ನಿನ್ನ ಅವ್ವನಿಗೂ ಹೇಳುತ್ತ ಬಂದೆ. ನೀನು ಒಂದು ಸಲವೂ ಅದು ಸುಳ್ಳೆಂದು ಹೇಳಲಿಲ್ಲ. ನಿನ್ನೆ ಅವ್ವನಿಗೆ ಖರೆ ಹೇಳಿದೆ. ಆಕೆ ಇನ್ನೂ ನನ್ನ ಜೊತೆ ಮಾತಾಡಿಲ್ಲ.